ಚೌಕಟ್ಟಿನ ಅಡಿಯ ಕೆಂಪು

ಓಬೆಡ್ ಟಾರ್‌ಬಾಕ್ಸ್ ಹೋದ ಮಂಗಳವಾರ ಬೆಳಗಿನ ಜಾವ ತೀರಿಕೊಂಡ. ಅರವತ್ತೆಂಟು ವರ್ಷ. ಎದೆಯ ಕಾಯಿಲೆ ಎರಡು ವರ್ಷದಿಂದ ಇತ್ತು. ಅದರ ಔಷಧಿ ನನ್ನ ಅಂಗಡಿಯಿಂದಲೇ ಹೋಗುತ್ತಿತ್ತು. ಗುರುವಾರ ಮಣ್ಣು ಮಾಡಿದೆವು.

ಪತ್ರಿಕೆಯಲ್ಲಿ ಎರಡು ಸಾಲು ಬಂದಿದೆ. ಜವುಗಿನ ಹುಲ್ಲು ಕೊಯ್ಯುವ ರೈತ, ಅವಿವಾಹಿತ, ಸಂಭಾವಿತ. ಮೂರೂ ನಿಜ. ಚಿತ್ರ ಬರೆಯುತ್ತಿದ್ದ ಎಂಬುದನ್ನು ಮಾತ್ರ ಬಿಟ್ಟಿದ್ದಾರೆ. ಯಾಕೆ ಬಿಟ್ಟಿರಿ ಎಂದು ಹೋಗಿ ಕೇಳಿದೆ. "ಅದೂ ಒಂದು ಕಸುಬಾ, ಲೆಮ್ಯುಯೆಲ್?" ಅಂದರು ಸಂಪಾದಕರು. ಅವರ ಮೇಲೆ ನನಗೆ ಕೋಪವಿಲ್ಲ. ನಮ್ಮೂರಿನ ಹದಿನಾಲ್ಕು ಮನೆಗಳ ಗೋಡೆಯ ಮೇಲೆ ಅವನ ಚಿತ್ರಗಳಿವೆ, ಅವರ ಮನೆಯಲ್ಲಿ ಇಲ್ಲ, ಅಷ್ಟೆ. ಹದಿನಾಲ್ಕರಲ್ಲಿ ಒಂದರ ಸಂಗತಿಯನ್ನು ಬರೆದಿಡುತ್ತೇನೆ. ಅದರಲ್ಲಿ ಆದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಓಬೆಡ್ ಹುಟ್ಟಿದ್ದು ಉಪ್ಪುಜವುಗಿನ ಅಂಚಿನ ಮನೆಯಲ್ಲಿ. ಅಪ್ಪ ಹುಲ್ಲು ಕೊಯ್ಯುತ್ತಿದ್ದ, ಅಜ್ಜನೂ ಅದನ್ನೇ ಮಾಡುತ್ತಿದ್ದ. ಆಗಸ್ಟಿನಲ್ಲಿ ಉಬ್ಬರದ ಜೋರು ಕಡಿಮೆ ಇರುವ ವಾರ ನೋಡಿಕೊಂಡು ಜವುಗಿಗೆ ಇಳಿಯಬೇಕು. ಕೊಯ್ದದ್ದನ್ನು ನೀರು ಮುಟ್ಟದ ಹಾಗೆ ಗೂಟಗಳ ಮೇಲೆ ಬಣವೆ ಒಟ್ಟಬೇಕು. ಚಳಿಗಾಲದಲ್ಲಿ ಜವುಗು ಹೆಪ್ಪುಗಟ್ಟಿದ ಮೇಲೆ ಜಾರುಬಂಡಿಯಲ್ಲಿ ಮನೆಗೆ ಎಳೆಯಬೇಕು. ಈ ಕೆಲಸ ಒಬ್ಬನಿಂದ ಆಗುವುದಲ್ಲ. ಓಬೆಡ್‌ನ ಜೊತೆಗಾರ ಈನೋಸ್ ಲಂಟ್. ಓಬೆಡ್ ಕೆಳಗಿನಿಂದ ಕವಲುಕೋಲಿನಲ್ಲಿ ಎಸೆಯುತ್ತಿದ್ದ, ಈನೋಸ್ ಬಣವೆಯ ಮೇಲೆ ನಿಂತು ತುಳಿದು ಗುಂಡಗೆ ಮಾಡುತ್ತಿದ್ದ. ಹದಿನಾರು ಬೇಸಿಗೆ ಹಾಗೆ ನಡೆಯಿತು. ಈನೋಸ್‌ನ ಹೆಂಡತಿ ಕೆಟೂರಾ ನನ್ನ ಮತ್ತು ಓಬೆಡ್‌ನ ಜೊತೆ ಶಾಲೆಯಲ್ಲಿ ಕೂತವಳು. ಲೆಕ್ಕದಲ್ಲಿ ನಮ್ಮಿಬ್ಬರಿಗಿಂತ ಜೋರು, ಮಾತಿನಲ್ಲಿ ಊರಿಗೇ ಜೋರು.

ಸಾವಿರದ ಎಂಟುನೂರ ಐವತ್ತರ ದಶಕದಲ್ಲಿ ಬಾಸ್ಟನ್ನಿನಿಂದಲೂ ನ್ಯೂಯಾರ್ಕಿನಿಂದಲೂ ಚಿತ್ರಕಾರರು ಬರತೊಡಗಿದರು. ನಮಗೆ ನಗು. ಇಲ್ಲಿ ಬೆಟ್ಟವಿಲ್ಲ, ಜಲಪಾತವಿಲ್ಲ. ಇರುವುದು ಬಯಲು, ನೀರು, ಬಣವೆ ಮತ್ತು ಸೊಳ್ಳೆ. ಅವರು ಬಂದದ್ದು ಬೆಳಕಿಗಾಗಿ. ಅವರನ್ನು ಚಪ್ಪಟೆ ದೋಣಿಯಲ್ಲಿ ಒಳಗೆ ಕರೆದೊಯ್ಯುತ್ತಿದ್ದವನು ಓಬೆಡ್.

"ಇನ್ನೆಷ್ಟು ಹೊತ್ತು ಇರುತ್ತಯ್ಯಾ ಈ ಬಣ್ಣ?" ಎಂದು ಅವರು ಕೇಳುವುದು.

"ಒಂದು ಪೈಪು ಸೇದೋವಷ್ಟು, ಸಾರ್. ಆಮೇಲೆ ಕಂದು ಬರುತ್ತೆ. ಕಂದು ಬೇಡ ಅಂದ್ರೆ ಮಾತು ಬಿಟ್ಟು ಕೂತ್ಕೊಳಿ."

ಅವನ ಲೆಕ್ಕ ತಪ್ಪುತ್ತಿರಲಿಲ್ಲ. ಹ್ಯಾಲೊವೆಲ್ ಎಂಬ ಒಬ್ಬ ಚಿತ್ರಕಾರರು ಇವನನ್ನು ಹಚ್ಚಿಕೊಂಡು, ಹೋಗುವಾಗ ಉಳಿದ ಬಣ್ಣದ ಕೊಳವೆಗಳನ್ನೂ ಎರಡು ಕುಂಚಗಳನ್ನೂ ಕೊಟ್ಟುಹೋದರು. ಒಂದು ಮಾತನ್ನೂ ಕೊಟ್ಟುಹೋದರು: "ಕುಂಚ ಓಡಿದ ಗುರುತು ಕಾಣ್ಬಾರ್ದು, ಟಾರ್‌ಬಾಕ್ಸ್. ನೋಡೋರಿಗೂ ಬೆಳಕಿಗೂ ಮಧ್ಯೆ ನೀನು ನಿಂತ್ಕೋಬೇಡ." ಓಬೆಡ್ ಸಾಯುವವರೆಗೆ ಅದನ್ನು ಪಾಲಿಸಿದ. ಅವನ ಚಿತ್ರದಲ್ಲಿ ಬಣ್ಣ ಬಳಿದ ಹಾಗೆ ಇರುವುದಿಲ್ಲ. ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ತೆಳ್ಳಗೆ, ಒಂದರ ಮೇಲೊಂದು ಏಳೆಂಟು ಪದರ.

ಬೇಸಿಗೆಯಲ್ಲಿ ಅವನ ಹತ್ತಿರ ಇರುತ್ತಿದ್ದದ್ದು ಪೆನ್ಸಿಲು ಮಾತ್ರ. ಕೆಲಸ ಮುಗಿದ ಮೇಲೆ ದೋಣಿಯ ಅಂಚಿನಲ್ಲಿ ಕೂತು ಗೆರೆ ಎಳೆದುಕೊಳ್ಳುತ್ತಿದ್ದ. ಆಕಾಶದ ಜಾಗದಲ್ಲಿ ಬಣ್ಣಗಳ ಹೆಸರು ಬರೆಯುತ್ತಿದ್ದ. ಅವು ಚಿತ್ರಕಾರರ ಹೆಸರುಗಳಲ್ಲ, ಅವನವೇ: ಇಲ್ಲಿ ಬೆಣ್ಣೆ, ಅದರ ಮೇಲೆ ಬೆಂದ ಏಡಿ, ಇನ್ನೂ ಮೇಲೆ ಪಾರಿವಾಳದ ಕತ್ತು. ಬಣ್ಣ ಹಚ್ಚುವುದೆಲ್ಲ ಚಳಿಗಾಲದಲ್ಲಿ, ಅಡಿಗೆಮನೆಯ ಒಲೆಯ ಪಕ್ಕ.

ಒಂದು ಸಲ ಅವನ ಚಿತ್ರವನ್ನು ಬಾಸ್ಟನ್ನಿನ ಪ್ರದರ್ಶನದಲ್ಲಿ ತೆಗೆದುಕೊಂಡರು. ನಾವು ನಾಲ್ವರೂ ರೈಲು ಹತ್ತಿದೆವು. ಕೆಟೂರಾ ಕಾಕಂಬಿ ಹಾಕಿದ ಕಂದು ಬ್ರೆಡ್ಡು ಕಟ್ಟಿಕೊಂಡಿದ್ದಳು. ಈನೋಸ್ ಯಾಕೋ ಒಬ್ಬ ಹಳೆಯ ಕಪ್ತಾನರ ದೂರದರ್ಶಕ ಕೇಳಿ ತಂದಿದ್ದ. ಅದು ಉಪಯೋಗಕ್ಕೆ ಬಂತು. ಓಬೆಡ್‌ನ ಚಿತ್ರವನ್ನು ಸೂರಿಗೆ ಒಂದು ಮೊಳ ಕೆಳಗೆ ನೇತುಹಾಕಿದ್ದರು. ಈನೋಸ್ ಸಭಾಂಗಣದ ನಡುವೆ ಕಾಲಗಲಿಸಿ ನಿಂತು, ದೂರದರ್ಶಕ ಎತ್ತಿ, ಹಡಗಿನ ಪಟಗಂಬದ ಮೇಲಿನ ನಾವಿಕನ ಹಾಗೆ ಕೂಗಿದ: "ಕಂಡ್ತು ಕಣ್ರೋ! ಹಡಗಲ್ಲ, ಬಣವೆ!"

ರೇಷ್ಮೆ ಉಟ್ಟ ಹೆಂಗಸರೆಲ್ಲ ತಿರುಗಿ ನೋಡಿದರು. ಎಲ್ಲರಿಗಿಂತ ಹೆಚ್ಚು ನಕ್ಕವನು ಓಬೆಡ್. ಆಮೇಲೆ ಅವನು ಬಾಸ್ಟನ್ನಿಗೆ ಏನನ್ನೂ ಕಳಿಸಲಿಲ್ಲ. "ಅಷ್ಟೆತ್ತರಕ್ಕೆ ಹೋದ್ರೆ ನಂಗೆ ತಲೆ ಸುತ್ತುತ್ತೆ" ಅನ್ನುತ್ತಿದ್ದ.

ಅರವತ್ತೆರಡರ ಆಗಸ್ಟಿನಲ್ಲಿ ಈನೋಸ್ ಉತ್ತರ ದಕ್ಷಿಣ ರಾಜ್ಯಗಳ ಯುದ್ಧಕ್ಕೆ ಹೆಸರು ಕೊಟ್ಟ. ಹೊರಡುವ ಹಿಂದಿನ ಸಂಜೆಯವರೆಗೂ ಇಬ್ಬರೂ ಹುಲ್ಲು ಒಟ್ಟಿದರು. ಕೊನೆಯ ಬಣವೆಯ ನೆತ್ತಿ ಮುಗಿಸದೆ ಹೋಗುವುದಿಲ್ಲ ಅಂದಿದ್ದ ಅವನು. ಕೆಟೂರಾ ಊಟ ತೆಗೆದುಕೊಂಡು ಜವುಗಿನ ದಾರಿಯಲ್ಲಿ ಹೋದಳು. ನಾನು ಅಂಗಡಿಯೊಳಗೆ ಕೂತು ಸೇನೆಗೆ ಹೋಗುವವರ ಔಷಧಿ ಪೆಟ್ಟಿಗೆ ತುಂಬುತ್ತಿದ್ದೆ. ಹಾಗಾಗಿ ಆ ಸಂಜೆಯನ್ನು ಅಲ್ಲಿ ನಿಂತು ನೋಡಿದವರು ಮೂವರೇ. ಡಿಸೆಂಬರಿನಲ್ಲಿ ಈನೋಸ್ ವರ್ಜೀನಿಯಾದಲ್ಲಿ ಸತ್ತ. ಅಲ್ಲೇ ಒಂದು ಉದ್ದನೆಯ ಹಳ್ಳದಲ್ಲಿ ಎಲ್ಲರ ಜೊತೆ ಮುಚ್ಚಿದರಂತೆ. ಇಬ್ಬರು ಉಳಿದರು.

ಜನವರಿಯಲ್ಲಿ ಕೆಟೂರಾ ಓಬೆಡ್‌ನ ಅಡಿಗೆಮನೆಗೆ ಬಂದಳು. ಟೋಪಿಯ ಕಟ್ಟು ಬಿಚ್ಚದೆ ನಿಂತೇ ಹೇಳಿದಳು: "ಆ ಸಂಜೆ ಬರ್ಕೊಡು. ಅವನನ್ನ ಬರೀಬೇಡ. ಮುಖ ಎಲ್ಲಾದ್ರೂ ತಪ್ಪಾದ್ರೆ ನಂಗೆ ತಡೆಯಕ್ಕಾಗಲ್ಲ. ಬಣವೆ ಬರಿ, ಆಕಾಶ ಬರಿ. ಆಕಾಶದಲ್ಲಿ ತಪ್ಪಾಗೋದೇನಿದೆ?"

ಆಗ ಊರಿನಲ್ಲಿ ಬಣ್ಣ ಮಾರುತ್ತಿದ್ದದ್ದು ಔಷಧಿ ಅಂಗಡಿಯವರೇ, ಅಂದರೆ ನಾನು. ನನ್ನ ಹತ್ತಿರ ಎರಡು ಕೆಂಪು ಇದ್ದವು. ಒಂದು ಮಂಜಿಷ್ಠದ ಬೇರಿನದು. ಇನ್ನೊಂದು ಕಳ್ಳಿಗಿಡದ ಹುಳು ಅರೆದು ಮಾಡಿದ್ದು. ಎರಡನ್ನೂ ಗಾಜಿನ ಚೂರಿನ ಮೇಲೆ ತೆಳ್ಳಗೆ ಬಳಿದು ಕಿಟಕಿಗೆ ಹಿಡಿದೆವು. ಬೇರಿನ ಕೆಂಪು ಸ್ವಲ್ಪ ಮಂಕು. ಹುಳುವಿನ ಕೆಂಪು ಮಾತ್ರ ಒಳಗಿನಿಂದ ಹೊತ್ತಿಕೊಂಡ ಹಾಗಿತ್ತು.

"ಇದೇ ಕಣೋ ಲೆಮ್" ಅಂದ ಓಬೆಡ್. "ಇದೇ ಆ ಸಂಜೆ." ಅವನ ಕಣ್ಣಿನಲ್ಲಿ ನೀರಿತ್ತು.

ನನ್ನ ಅಂಗಡಿಯ ಕಿಟಕಿಯಲ್ಲಿಟ್ಟ ಬಾಟಲಿಗಳ ಹೆಸರುಪಟ್ಟಿಗಳನ್ನು ನಾನು ಅದೇ ಹುಳುವಿನ ಕೆಂಪಿನಲ್ಲಿ ಬರೆಯುತ್ತಿದ್ದೆ. ಬಿಸಿಲಿಗೆ ಬಿಳಿಚಿಕೊಳ್ಳುತ್ತವೆಂದು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಬರೆಯುತ್ತಿದ್ದೆ. ಹಾಗಿದ್ದೂ ಆ ಗಾಜನ್ನು ಹಿಡಿದುಕೊಂಡವನ ಮುಖ ನೋಡಿ ಬಾಯಿ ಬರಲಿಲ್ಲ. ಕಾಗದದಲ್ಲಿ ಕಟ್ಟಿಕೊಟ್ಟೆ.

ಚಿತ್ರ ಏಪ್ರಿಲಿನಲ್ಲಿ ಮುಗಿಯಿತು. ನಾಲ್ಕು ಬಣವೆ, ಅವುಗಳ ನಡುವೆ ಬಳುಕಿ ಹೋಗುವ ನೀರು, ಮುಕ್ಕಾಲು ಪಾಲು ಆಕಾಶ. ಮನುಷ್ಯರಿಲ್ಲ, ಒಂದು ಬಣವೆಗೆ ಏಣಿಯೊಂದು ಒರಗಿದೆ, ಅಷ್ಟೆ. ಆಕಾಶದ ಕೆಂಪು ನೀರಿಗಿಳಿದು, ಹುಲ್ಲಿನ ಅಂಚಿಗೆ ಹತ್ತಿ, ಆ ಏಣಿಯ ಒಂದೊಂದು ಮೆಟ್ಟಿಲಿಗೂ ತಾಗಿತ್ತು. ಕೆಟೂರಾ ಬಹಳ ಹೊತ್ತು ನೋಡಿ, "ಹೌದು" ಎಂದಳು. ಎಲ್ಲಕ್ಕಿಂತ ಹೆಚ್ಚು ಬೆಳಕು ಬೀಳುವ ಜಾಗದಲ್ಲಿ, ದಕ್ಷಿಣದ ಕಿಟಕಿಯ ಎದುರಿನ ಗೋಡೆಯಲ್ಲಿ ಅದನ್ನು ಹಾಕಿದಳು.

ಮೇ ತಿಂಗಳ ಕೊನೆಗೆ ಊರಿನವರು ಸೈನಿಕರ ಗೋರಿಗಳಿಗೆ ಹೂವಿಡುವ ರೂಢಿ ಶುರುವಾದ ಮೇಲೆ, ಗೋರಿಯಿಲ್ಲದ ಈನೋಸ್‌ನ ಹೂವುಗಳನ್ನು ಎಲ್ಲರೂ ಆ ಚಿತ್ರದ ಕೆಳಗಿನ ಮೇಜಿನ ಮೇಲೆ ತಂದಿಡುತ್ತಾರೆ. ನೇರಳೆ ಲೈಲಾಕ್ ಹೂವಿನ ರಾಶಿ. ಪಾದ್ರಿಗಳು ಪ್ರಾರ್ಥನೆ ಹೇಳುತ್ತಾರೆ, ಕೆಟೂರಾ ಸೇಬಿನ ಪೈ ಕೊಡುತ್ತಾಳೆ. ಹದಿನೇಳು ವರ್ಷದಿಂದ ಹೀಗೇ.

ಈ ವರ್ಷ ಹೊಸ ಪಾದ್ರಿಗಳು ಬಂದಿದ್ದರು. ಚಿತ್ರದ ಮುಂದೆ ನಿಂತು, "ಎಂಥ ಶೋಕ ಇದೆ ಈ ಆಕಾಶದಲ್ಲಿ, ಮಿಸೆಸ್ ಲಂಟ್" ಅಂದರು.

"ಆ ಸಂಜೆ ಹಾಗೇ ಇತ್ತು ಸ್ವಾಮಿ. ಬೂದಿ ಬಣ್ಣ. ಒಂದು ಚೂರು ಬಿಸಿಲಿಲ್ಲ. ಮುಂದೆ ಆಗೋದು ಆಕಾಶಕ್ಕೂ ಗೊತ್ತಿತ್ತು" ಅಂದಳು ಕೆಟೂರಾ. "ಅವನೂ ಒಂದು ಮಾತಾಡ್ಲಿಲ್ಲ. ತಲೆ ಬಗ್ಗಿಸ್ಕೊಂಡು ಊಟ ಮಾಡ್ದ."

ನನ್ನ ಪಕ್ಕದಲ್ಲಿದ್ದ ಓಬೆಡ್ ಪೈ ಮುಗಿಸದೆ ತಟ್ಟೆ ಕೆಳಗಿಟ್ಟ. ಮನೆಗೆ ಮರಳುವ ದಾರಿಯಲ್ಲಿ ಅರ್ಧ ಮೈಲಿ ನಡೆದೆವು. ಆಮೇಲೆ ಅವನು ನಿಂತ.

"ಲೆಮ್, ನಿಜ ಹೇಳು. ಆ ಚಿತ್ರದಲ್ಲಿ ಕೆಂಪು ಇದೆಯಾ?"

"ಇಲ್ಲ."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ."

"ನನ್ನ ಕಣ್ಣಿನ ಪೊರೆ ಅಂದ್ಕೊಂಡಿದ್ದೆ" ಅಂದ. ಆರು ವರ್ಷದಿಂದ ಅವನಿಗೆ ಲೋಕವೆಲ್ಲ ಚಹಾದ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಚಿತ್ರ ಬರೆಯುವುದನ್ನು ಬಿಟ್ಟಿದ್ದೂ ಅದಕ್ಕೇ. ಪ್ರತಿ ವರ್ಷ ಆ ಗೋಡೆಯ ಮುಂದೆ ನಿಂತು, ಕೆಂಪು ಅಲ್ಲೇ ಇದೆ, ನನಗೆ ಕಾಣುತ್ತಿಲ್ಲ ಅಷ್ಟೆ ಎಂದು ಸಮಾಧಾನ ಮಾಡಿಕೊಂಡು ಬರುತ್ತಿದ್ದ.

ಆಗ ನಾನು ಬಾಟಲಿಗಳ ವಿಷಯ ಹೇಳಿದೆ. ಇಪ್ಪತ್ತೆರಡು ವರ್ಷದ ಮೇಲೆ.

ಅವನು ದಾರಿಯ ಕಲ್ಲುಗೋಡೆಯ ಮೇಲೆ ಕೂತ. ಬೈಯುತ್ತಾನೆ ಅಂದುಕೊಂಡೆ. "ನೀನು ಹೇಳಿದ್ರೂ ನಾನು ಅದನ್ನೇ ತಗೋತಿದ್ದೆ" ಅಂದ. "ಅದ್ರ ಮೇಲೆ ಅಷ್ಟು ತೆಳ್ಳಗೆ ಬೇರೆ ಬಳಿದೆ. ದಪ್ಪಗೆ ಬಳಿದಿದ್ರೆ ಇನ್ನೊಂದಷ್ಟು ವರ್ಷ ಇರ್ತಿತ್ತು. ಕುಂಚದ ಗುರುತು ಕಾಣ್ಬಾರ್ದು ಅಂತ ಜಂಭ." ಆಮೇಲೆ ಅಂದ: "ಬಣ್ಣ ಹೋದ್ರೆ ಹೋಗ್ಲಿ ಮಾರಾಯ. ಅವಳ ನೆನಪಿಗೂ ಬೂದಿ ಬಳಿದುಬಿಟ್ನಲ್ಲ ನಾನು. ಆ ಸಂಜೆ ಈನೋಸ್ ಎಷ್ಟು ನಕ್ಕಿದ್ದ ಗೊತ್ತಾ? ತಲೆ ಬಗ್ಗಿಸಿದ್ನಂತೆ!"

ಅಂದಿನಿಂದ ಅವನಿಗೆ ಬೇರೆ ಯೋಚನೆಯಿಲ್ಲ. ಎದೆ ದಿನದಿನಕ್ಕೆ ಸೋಲುತ್ತಿದೆಯೆಂದು ಅವನಿಗೂ ಗೊತ್ತಿತ್ತು. ಹೋಗುವುದರೊಳಗೆ ಆ ಸಂಜೆಯನ್ನು ಅವಳಿಗೆ ವಾಪಸು ಕೊಡಬೇಕು.

ಮಾರನೆಯ ದಿನವೇ ಹಳೆಯ ಪೆನ್ಸಿಲ್ ಹಾಳೆ ಹುಡುಕಿಕೊಂಡು ನನ್ನನ್ನೂ ಎಳೆದುಕೊಂಡು ಅವಳ ಅಡಿಗೆಮನೆಗೆ ಹೋದ. ಕೆಟೂರಾ ಹಿಟ್ಟು ಲಟ್ಟಿಸುತ್ತಿದ್ದಳು.

"ಚಿತ್ರದ ಬಣ್ಣ ಹೋಗಿದೆ, ಕೆಟೂರಾ. ಆ ಸಂಜೆ ಆಕಾಶ ಕೆಂಪಗಿತ್ತು. ನೋಡು, ಇಲ್ಲಿ ಬರೆದಿದೀನಿ. ಬೆಂದ ಏಡಿ."

ಅವಳು ಕನ್ನಡಕ ಏರಿಸಿ ನೋಡಿದಳು. "ನಿನ್ನ ಯಾವ ಹಾಳೇಲಿ ಏಡಿ ಇಲ್ಲ ಹೇಳು. ಎಲ್ಲಾ ಸಂಜೇನೂ ನಿಂಗೆ ಊಟದ ಹಾಗೇ ಕಾಣೋದು."

"ದಿನಾಂಕ ಇದೆಯಲ್ಲೇ!"

"ನನ್ನ ಗಂಡ ಹೊರಟ ಸಂಜೆ ಹೇಗಿತ್ತು ಅಂತ ನೀನು ನಂಗೆ ಹೇಳಿಕೊಡ್ತೀಯಾ? ಇಪ್ಪತ್ತೆರಡು ವರ್ಷ ದಿನಾ ಅದರ ಮುಂದೆ ಕೂತು ಚಹಾ ಕುಡಿದವಳು ನಾನು. ಬಣ್ಣ ಹೋಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ನಿನ್ನ ಕಣ್ಣು ಹೋಗಿದೆ. ಲೆಮ್ಯುಯೆಲ್, ಕರ್ಕೊಂಡು ಹೋಗು ಇವನನ್ನ. ಆ ಚಿತ್ರದ ಮೇಲೆ ಕುಂಚ ಇಟ್ರೆ ಲಟ್ಟಣಿಗೇಲಿ ಬಾರಿಸ್ತೀನಿ ಇಬ್ರಿಗೂ."

ಅವಳ ತಪ್ಪಲ್ಲ. ಒಂದು ವರ್ಷಕ್ಕೆ ಒಂದು ಎಳೆಯಷ್ಟು ಕೆಂಪು ಹೋಗಿದೆ. ಅದರ ಹಿಂದೆಯೇ ಅವಳ ನೆನಪೂ ಒಂದೊಂದು ಎಳೆ ಜರುಗಿದೆ. ಎದುರಿಗಿರುವುದನ್ನು ನಂಬುವುದೋ, ಅರೆಗುರುಡ ಮುದುಕನನ್ನು ನಂಬುವುದೋ? ಜೂನ್ ಹೋಯಿತು, ಜುಲೈ ಹೋಯಿತು. ಅವನು ಮತ್ತೆರಡು ಸಲ ಕೇಳಿದ, ಅವಳು ಮತ್ತೆರಡು ಸಲ ಬೈದಳು. ನಾನು ಬಾಟಲಿಗಳ ವಿಷಯ ಹೇಳಿದ್ದಕ್ಕೆ, ಆ ಸಂಜೆ ನೀನು ಅಲ್ಲಿರಲೇ ಇಲ್ಲವಲ್ಲ ಅಂದಳು.

ಆಗಸ್ಟಿನ ಒಂದು ಮಧ್ಯಾಹ್ನ ಓಬೆಡ್ ಏದುಸಿರು ಬಿಡುತ್ತಾ ಅಂಗಡಿಗೆ ನುಗ್ಗಿದ. ವೈದ್ಯರು ಬೇಡವೆಂದಿದ್ದರೂ ಹುಲ್ಲಿನ ಕೆಲಸ ನೋಡಲು ಜವುಗಿಗೆ ಹೋಗಿದ್ದನಂತೆ. ಗಿರಾಕಿಗಳ ಮುಂದೆಯೇ ಟೋಪಿ ಕಿತ್ತು ತಲೆಯನ್ನು ನನ್ನ ಮೂಗಿನ ಹತ್ತಿರ ತಂದ.

"ನನ್ನ ಹಣೆ ನೋಡು, ಲೆಮ್!"

"ಏನಾಯ್ತು, ಪೆಟ್ಟು ಬಿತ್ತಾ?"

"ಹಣೆ ನೋಡೋ ದಡ್ಡ! ಕೆಳಗಡೆ ಹೇಗಿದೆ? ಮೇಲ್ಗಡೆ ಹೇಗಿದೆ?"

ಹುಲ್ಲಿನ ಕೆಲಸದವರ ಹಣೆ ಎಲ್ಲರದೂ ಹಾಗೇ. ಕೆಳಗೆಲ್ಲ ಸುಟ್ಟ ಚರ್ಮ. ಟೋಪಿ ಕೂರುವಲ್ಲಿಂದ ಮೇಲಕ್ಕೆ ಮಗುವಿನ ಬಿಳುಪು.

"ಬಿಸಿಲು ತಾಗದ ಕಡೆ ಹಳೇ ಬಣ್ಣ ಉಳಿದಿರುತ್ತೆ" ಅಂದ. "ಆ ಚಿತ್ರಕ್ಕೂ ಟೋಪಿ ಇದೆ ಕಣೋ. ಚೌಕಟ್ಟು!"

ಆ ಸಂಜೆಯೇ ಹೋದೆವು. ಕುಂಚ ತಂದಿಲ್ಲವೆಂದು ಓಬೆಡ್ ಎರಡೂ ಜೇಬು ಹೊರಗೆಳೆದು ತೋರಿಸಿದ ಮೇಲೆ ಕೆಟೂರಾ ಬಾಗಿಲು ಬಿಟ್ಟಳು. ಚಿತ್ರವನ್ನು ಇಳಿಸಿ ಮೇಜಿನ ಮೇಲೆ ಬೋರಲು ಮಲಗಿಸಿ ಹಿಂದಿನ ಮೊಳೆಗಳನ್ನು ಕಿತ್ತೆ. ಚೌಕಟ್ಟು ಬಿಟ್ಟುಕೊಂಡಿತು. ತಿರುಗಿಸಿದೆ.

ನಾಲ್ಕೂ ಅಂಚಿನಲ್ಲಿ ಬೆರಳಗಲದ ಪಟ್ಟಿ. ಮೇಲೆ ಪಾರಿವಾಳದ ಕತ್ತು. ಎಡಬಲಗಳಲ್ಲಿ ಇಳಿದಂತೆಲ್ಲ ಕೆಂಪೇರಿ, ಬಣವೆಗಳ ಮಟ್ಟಕ್ಕೆ ಬರುವಾಗ ಉರಿಯುವ ಹಾಗೆ. ನಡುವೆ ಬೂದಿ. ಉರಿಯ ಚೌಕಟ್ಟಿನೊಳಗೆ ಇಟ್ಟ ಬೂದಿಯ ಹಾಗಿತ್ತು.

ಕೆಟೂರಾ ಬೆರಳಿನಿಂದ ಆ ಪಟ್ಟಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಟ್ಟಿಕೊಂಡು ಹೋದಳು. ಕುರ್ಚಿ ಎಳೆದು ಕೂತಳು.

"ಏಣಿ ಇಳಿದು ಬಂದ" ಅಂದಳು. "ಮುಖವೆಲ್ಲ ಕೆಂಪು. 'ಕೆಟಿ, ನನ್ನನ್ನ ನೋಡೇ, ಬೇಯಿಸಿ ಬಡಿಸಿದ ಏಡಿ' ಅಂದ." ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. "ಆ ಮಾತು ಅವನದಾ, ಓಬೆಡ್? ನಿಂದು ಅಂದ್ಕೊಂಡಿದ್ನಲ್ಲೋ ಇಷ್ಟು ದಿನ."

"ಅವನದೇ. ಆ ಸಂಜೆಯಿಂದ ನಾನು ಕದ್ದೆ. ಮಿಕ್ಕ ಏಡಿಗಳೆಲ್ಲ ಆಮೇಲಿನವು."

"ಊಟಾನೂ ಮಾಡ್ಲಿಲ್ಲ. ಕುಣೀತಿದ್ದ. ತಲೆ ಬಗ್ಗಿಸಿದ ಅಂತ ಯಾಕೆ ಹೇಳ್ತಿದ್ದೆ ನಾನು?" ಅವಳು ಎದ್ದು ದೀಪದ ಬತ್ತಿ ಸರಿಮಾಡುತ್ತಾ ಅಂದಳು: "ನಾಳೆ ಬಾ. ಕುಂಚ ತಗೊಂಡು ಬಾ."

ಬಾಸ್ಟನ್ನಿಗೆ ಬರೆದು, ಅಷ್ಟು ಬೇಗ ಬಿಳಿಚಿಕೊಳ್ಳದ ಮಂಜಿಷ್ಠದ ಕೆಂಪು ತರಿಸಿದೆ. ಈ ಸಲ ಗಾಜಿನ ಪರೀಕ್ಷೆ ಬೇಡವೆಂದೆ. ಹದಿನೆಂಟು ದಿನ ಕೆಲಸ ನಡೆಯಿತು. ಅಂಚಿನ ಪಟ್ಟಿಯಿಂದ ಶುರುಮಾಡಿ ಒಳಗೊಳಗೆ ಹೋದ. ಅವನಿಗೆ ಬಣ್ಣ ಕಾಣುತ್ತಿರಲಿಲ್ಲ; ನಾನು ಒಂದು ಕಡೆ, ಕೆಟೂರಾ ಒಂದು ಕಡೆ ಕೂತು ಹೇಳಬೇಕಿತ್ತು.

"ಇನ್ನೂ ಕೆಂಪು."

"ಸಾಕು, ಸಾಕು!"

"ಅವನ ಮಾತು ಕೇಳ್ಬೇಡ, ಅವನು ಅಲ್ಲಿರ್ಲಿಲ್ಲ. ಇನ್ನೂ ಕೆಂಪು."

ಕೈ ನಡುಗುತ್ತಿದ್ದದ್ದರಿಂದ ಕುಂಚದ ಗುರುತುಗಳು ಬಿದ್ದವು. ಹತ್ತಿರದಿಂದ ನೋಡಿದರೆ ಎಲ್ಲ ಕಾಣುತ್ತವೆ. ಹ್ಯಾಲೊವೆಲ್ ನೋಡಿದ್ದರೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಪಟ್ಟಿಗೂ ಒಳಗಿನದಕ್ಕೂ ಹೋಲಿಸಿದಾಗ ಒಳಗಿನದು ಒಂದು ಕೈ ಜೋರಾಗಿತ್ತು. ಹೇಳುವುದೋ ಬೇಡವೋ ಎಂದು ನೋಡಿ, ಈ ಸಲ ಹೇಳಿಯೇ ಬಿಟ್ಟೆ.

"ಗೊತ್ತು" ಅಂದ ಓಬೆಡ್. "ಬೇಕಂತಲೇ. ಇದೂ ಸ್ವಲ್ಪ ಹೋಗೇ ಹೋಗುತ್ತೆ. ಹತ್ತು ವರ್ಷಕ್ಕೆ ಸರಿಯಾಗಿ ಆ ಸಂಜೆಗೆ ಬಂದು ನಿಲ್ಲುತ್ತೆ. ಅಲ್ಲೀತನಕ ನೀನು ಬದುಕಿರ್ಬೇಕು, ಕೆಟೂರಾ."

"ನನ್ನ ಆಯಸ್ಸಿಗೂ ನೀನೇ ಬಣ್ಣ ಬಳಿ" ಅಂದಳು ಅವಳು.

ಸೋಮವಾರ ಸಂಜೆ ಚಿತ್ರವನ್ನು ಗೋಡೆಗೆ ಹಾಕಲು ಹೋದೆವು. ಆಮೇಲೆ ಅವನನ್ನು ಅವನ ಮನೆಯ ಬಾಗಿಲವರೆಗೆ ಬಿಟ್ಟುಬಂದೆ. ಬೂಟು ಬಿಚ್ಚಿ ಮಲಗಿದವನು ಮತ್ತೆ ಏಳಲಿಲ್ಲ. ಹಾಗಾಗಿ ನಾನೂ ಕೆಟೂರಾನೂ ಕಂಡ ಅವನ ಕೊನೆಯ ಕೆಲಸ ಇದು.

ಕೆಟೂರಾ ಹಳೆಯ ಮೊಳೆ ತೋರಿಸಿದಳು. ಓಬೆಡ್ ತಲೆಯಾಡಿಸಿದ. ಕೈಯಿಂದ ತಡವಿಕೊಂಡು ಕಿಟಕಿ ಇರುವ ಗೋಡೆಯ ಹತ್ತಿರವೇ ಹೋದ. ಕಿಟಕಿಯ ಪಕ್ಕದಲ್ಲಿ, ಬಿಸಿಲು ಎಂದೂ ಬೀಳದ ಮೂಲೆಯಲ್ಲಿ ನಿಂತ.

"ಅಲ್ಲಿ ಮಬ್ಬು ಕಣೋ. ಕುರ್ಚಿಯಿಂದ ಕಾಣಲ್ಲ" ಅಂದಳು ಕೆಟೂರಾ.

"ಕಾಣುತ್ತೆ. ಎದ್ದು ಹತ್ತಿರ ಬರಬೇಕು, ಅಷ್ಟೆ."

ಸುತ್ತಿಗೆ ನನಗೆ ಕೊಡು ಅಂದೆ. ಕೊಡಲಿಲ್ಲ. ಹೆಬ್ಬೆರಳಿನಿಂದ ಜಾಗ ಗುರುತಿಟ್ಟುಕೊಂಡು ಮೊಳೆ ಹೊಡೆದ; ಒಂದು ಪೆಟ್ಟು ಬೆರಳಿಗೂ ಬಿತ್ತು. ಚಿತ್ರ ಎತ್ತಿ ತೂಗುಹಾಕಿದ. ನೆಟ್ಟಗಿದೆಯೋ ಎಂದು ನಮ್ಮನ್ನು ಕೇಳಲಿಲ್ಲ. ಚೌಕಟ್ಟಿನ ಕೆಳಗೆ ಅಂಗೈಯನ್ನು ಈ ತುದಿಯಿಂದ ಆ ತುದಿಯವರೆಗೆ ಓಡಿಸಿ, ಎಡಗಡೆಯ ಮೂಲೆಯನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಒತ್ತಿದ.